ವಾಟ್ಸಾಪಲ್ಲಿ ಪೊಲೀಸ್ ನೋಟಿಸ್ ಬಂದಿದೆ, ಹೋಗೋದಾ ಬೇಡ್ವಾ? ಅನುಭವ ಇರೋರು ಹೇಳಿ

ಡೊಂಬಿವಲಿಯವ: ತಮ್ಮ ಹಿಂಜವಡಿಯಲ್ಲಿ ಕೆಲಸ. ಡೇಟಾ ಕದ್ದ ಅಂತ ಹಳೇ ಕಂಪನಿಯವ್ರು ಕಂಪ್ಲೇಂಟ್ ಕೊಟ್ಟಿದಾರೆ. ವಾಟ್ಸಾಪಲ್ಲಿ ಮರಾಠಿ ನೋಟಿಸ್, ನಾಡಿದ್ದು ಫೋನ್ ತಗೊಂಡು ಸ್ಟೇಷನ್‌ಗೆ ಬಾ ಅಂತ. ಹೋಗ್ಬೇಕಾ? ವಕೀಲರಿಗೆ ಎಷ್ಟಾಗುತ್ತೆ?

ಥಾಣೆ ಹೋಟೆಲಿನವ: ಫೀಸು ಮಾತ್ರ ಕೇಳ್ಬೇಡಿ ಮಾರಾಯ್ರೆ, ಹೊಟ್ಟೆ ಉರೀತದೆ. ನಮ್ಮಲ್ಲಿ ಯಾರೋ ಊಟ ಮಾಡಿ 480 ರೂಪಾಯಿ ಯುಪಿಐ ಮಾಡಿ ಹೋದ, ಅದು ಮೋಸದ ದುಡ್ಡಂತೆ, ಹೊರರಾಜ್ಯದ ಸೈಬರ್ ಪೊಲೀಸರು 480 ಅಲ್ಲ, ಇಡೀ ಕರೆಂಟ್ ಅಕೌಂಟೇ ಫ್ರೀಝ್ ಮಾಡಿದ್ರು. ಒಳಗೆ 6 ಲಕ್ಷ ಉಂಟು, ಹುಡುಗರ ಸಂಬಳಕ್ಕೆ ಹೆಂಡತಿ ಬಳೆ ಅಡವಿಟ್ಟೆ. ವಕೀಲರಿಗೆ ಮೊದಲು 15,000, ಮತ್ತೆ ಡ್ರಾಫ್ಟಿಂಗ್ ಅಂತ 8,000, ಎರಡು ಸಲ ರೈಲು, ಲಾಡ್ಜು, ಅಕೌಂಟ್ ಬಿಡುವ ಕೋರ್ಟ್ ಆರ್ಡರ್ ಸಿಗುವಾಗ 4 ತಿಂಗಳು 11 ದಿನ. ಅದರ ಮೇಲೆ ಬ್ಯಾಂಕಿನವ ‘ಮೇಲ್ ಬರ್ಲಿಲ್ಲ’ ಅಂತ 9 ದಿನ ಆಡಿಸಿದ. ಜಪ್ತಿ ಮಾಡಿದ್ರೆ ಕೂಡ್ಲೆ ಮ್ಯಾಜಿಸ್ಟ್ರೇಟರಿಗೆ ತಿಳಿಸ್ಬೇಕು ಅಂತ ಬಿಎನ್‌ಎಸ್‌ಎಸ್, ಅಂದ್ರೆ ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನಿನ, 106ನೇ ಸೆಕ್ಷನಲ್ಲಿ ಉಂಟು, ಯಾರು ತಿಳಿಸಿದ್ದು?

ಪಿಂಪ್ರಿ ಐಟಿ: ಅವ್ರು ಕೇಳಿದ್ದು ಅಕೌಂಟಲ್ಲ ಸ್ವಾಮಿ. ವಾಟ್ಸಾಪಲ್ಲಿ ಕಳಿಸಿದ್ದು ನೋಟಿಸೇ ಅಲ್ಲ, 2025 ಜನವರಿಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಕೇಸಲ್ಲಿ ನಾನು ಹೋದೆ, ಫೋನಿನ ಪಾಸ್‌ವರ್ಡ್ ಕೊಡ್ಲಿಲ್ಲ. ಸಂವಿಧಾನದ 20(3), ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಲ್ಲ ಅಂದೆ. ಐದು ಗಂಟೆ ಬೆಂಚ್ ಮೇಲೆ ಕೂರಿಸಿದ್ರು. ಕೊನೆಗೆ ಫೋನನ್ನ ಕಂದು ಕವರಿಗೆ ಹಾಕಿ ಅರಗಿನ ಸೀಲ್ ಒತ್ತಿದ್ರು, ಒಳಗಿಂದ ನನ್ನ ಆರೂವರೆ ಅಲಾರಂ ಬಡ್ಕೊಳ್ತಾ ಇತ್ತು, ಜಪ್ತಿಗೆ ಸಾಕ್ಷಿಯಾಗಿ ನಿಂತಿದ್ದ ಪಂಚರಿಗೆ ನಗು.

ವಾಸ್ಕೋ ಲಾರಿ: ಭಾಳ ಶಾಣ್ಯಾ ಅದಿ. ಈಗ ಫೋನ್ ಎಲ್ಲೈತಿ?

ಪಿಂಪ್ರಿ ಐಟಿ: ಲ್ಯಾಬಲ್ಲಿ. 14 ತಿಂಗಳಾಯ್ತು. ಅದು ಬೇರೆ ವಿಷಯ.

ವಾಸ್ಕೋ ಲಾರಿ: ಅದ ವಿಷಯ! ನಾ ಕೊಟ್ಟೆ, 20 ದಿನಕ್ಕ ಕೈಗೆ ಬಂತು. ಪಾಸ್‌ವರ್ಡ್ ಕೊಡೋದು ಸಾಕ್ಷಿ ಹೇಳಿದಂಗಲ್ಲ ಅಂತ 2021ರಾಗ ನಮ್ಮ ಕರ್ನಾಟಕ ಹೈಕೋರ್ಟೇ ಅಂದೈತಿ.

ಪಿಂಪ್ರಿ ಐಟಿ: 2022ರಲ್ಲಿ ದಿಲ್ಲಿ ಸಿಬಿಐ ಕೋರ್ಟ್ ಉಲ್ಟಾ ಹೇಳಿದೆ. ಓದ್ಕೊಂಡು ಮಾತಾಡಿ.

ವಾಸ್ಕೋ ಲಾರಿ: ಲಾರಿ ಹೊಡೆಯಾಂವ ಓದಂಗಿಲ್ಲ ಅಂತ ತಿಳದಿಯೇನು?

ಅಂಧೇರಿ ಅಕ್ಕ: ಜಗಳ ಆಮೇಲೆ ಆಡಿ. ನೋಟಿಸಲ್ಲಿ ಬಿಎನ್‌ಎಸ್‌ಎಸ್ ಸೆಕ್ಷನ್ 35(3) ಇದ್ಯೋ 179 ಇದ್ಯೋ ಯಾರಾದ್ರೂ ಕೇಳಿದ್ರಾ? 179 ಅಂದ್ರೆ ಸಾಕ್ಷಿಗೆ. 35(3) ಅಂದ್ರೆ ಆರೋಪಿ ಅಂತ್ಲೇ, ಆದ್ರೆ ಕರೆದಾಗೆಲ್ಲ ಹೋಗ್ತಿದ್ರೆ ಕಾರಣ ಬರೆದಿಡದೆ ಅರೆಸ್ಟ್ ಮಾಡೋ ಹಾಗಿಲ್ಲ. ನಮ್ಮತ್ತೆಗೆ 71, ಬರೀ ಸಾಕ್ಷಿ, ಹೆಂಗಸರನ್ನ ಕೇಳ್ಬೇಕಂದ್ರೆ ಪೊಲೀಸರೇ ಮನೆಗೆ ಬರ್ಬೇಕು, ಇವ್ರು ಸ್ಟೇಷನ್‌ಗೆ ಕರೆಸಿ ರಾತ್ರಿ ಒಂಬತ್ತರ ತನಕ ಕೂರಿಸಿದ್ರು. ಹೇಳಿಕೆಗೆ ಸಹಿ ಹಾಕ್ಸೋ ಹಾಗೇ ಇಲ್ಲ, ಪಾಪ ಮರಾಠಿ ಓದಕ್ಕೆ ಬರಲ್ಲ, ನಾಲ್ಕು ಪುಟಕ್ಕೂ ಹಾಕಿ ಬಂದಿದಾರೆ.

ಥಾಣೆ ಹೋಟೆಲಿನವ: ಇಷ್ಟು ವರ್ಷ ಬೊಂಬಾಯಲ್ಲಿದ್ದು ಮರಾಠಿ ಕಲೀಲಿಲ್ವಾ?

ಅಂಧೇರಿ ಅಕ್ಕ: ಅರೆಸ್ಟ್ ಮಾಡಿದ ಕಾರಣವನ್ನ ಆರೋಪಿಗೆ ಅರ್ಥ ಆಗೋ ಭಾಷೇಲೇ ಬರೆದು ಕೊಡ್ಬೇಕು ಅಂತ 2025 ನವೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಲ್ಲಿನ ವರ್ಲಿ ಕಾರ್ ಅಪಘಾತದ ಕೇಸಲ್ಲೇ. ಆರೋಪಿಗೇ ಅಷ್ಟು ಮರ್ಯಾದೆ, ನಮ್ಮತ್ತೆಗೆ ಪಾಠ ಹೇಳೋಕೆ ನೀವ್ಯಾರು? ಸಾಂಬಾರಿಗೆ ಬೆಲ್ಲ ಹಾಕೋದು ಮೊದಲು ನಿಲ್ಸಿ.

ಡೊಂಬಿವಲಿಯವ: ನೋಡಿದೆ, 35(3) ಅಂತಿದೆ. ಹಂಗಾದ್ರೆ ನಾಡಿದ್ದು ಕಳಿಸ್ಲಾ? ಫೋನ್?

ಥಾಣೆ ಹೋಟೆಲಿನವ: ಬೆಲ್ಲ ಹಾಕುದು ಉಡುಪಿಯವ್ರು. ನಾನು ಪುತ್ತೂರಿನವ.