ಮಕ್ಕಳಿಗೆ ರಾಶಿ, ನಕ್ಷತ್ರ ಹೇಳಿಕೊಡೋ ಮುಂಚೆ ಆಕಾಶ ತೋರಿಸಿ

ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರ ನಮ್ಮ ಗುಂಪಿನಲ್ಲಿ ಒಬ್ಬರು ಅಕ್ಕ ಕೇಳಿದ್ದರು: "ಮಗಳು ಹುಟ್ಟಿದ್ದು ಏಪ್ರಿಲ್ 5ಕ್ಕೆ. ಸ್ಕೂಲಿನಲ್ಲಿ ಫ್ರೆಂಡ್ಸ್ ಏರೀಸ್ ಅಂತಾರೆ, ಊರಲ್ಲಿ ಅಜ್ಜಿ ವೃಶ್ಚಿಕ ರಾಶಿ ಅಂತಾರೆ. ಯಾವುದು ಸರಿ ಅಂತ ಕೇಳ್ತಾಳೆ, ಏನು ಹೇಳಲಿ?"

ಅಕ್ಕ, ಎರಡೂ ಸರಿ. ಏರೀಸ್ ಸೂರ್ಯನ ಲೆಕ್ಕ, ವೃಶ್ಚಿಕ ಚಂದ್ರನ ಲೆಕ್ಕ. ಆದರೆ ಸುಮ್ನೆ ಇಷ್ಟು ಹೇಳಿಬಿಟ್ಟರೆ ಮಗುವಿಗೆ ಏನೂ ದಕ್ಕುವುದಿಲ್ಲ. ಡಿಸೆಂಬರ್ ರಜೆಗೆ ಮೈಸೂರಿಗೆ ಬಂದಿದ್ದೇವೆ. ಸರಸ್ವತೀಪುರಂ ಮನೆಯ ತಾರಸಿ ಮೇಲೆ ನನ್ನ ಮಕ್ಕಳಿಗೂ ಇದನ್ನೇ ತೋರಿಸುತ್ತಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಜಾತಕದ ಫಲ ನಂಬೋದು, ಬಿಡೋದು ಅವರವರ ಮನೆಗೆ ಬಿಟ್ಟದ್ದು. ಅದರ ಬುಡದಲ್ಲಿರುವ ಆಕಾಶದ ಲೆಕ್ಕವನ್ನು ಮಾತ್ರ ಮಗು ತಾನೇ ಕಣ್ಣಾರೆ ನೋಡಬಹುದು.

ಇಲ್ಲಿಂದ ನೋಡಿದರೆ ಸೂರ್ಯ ವರ್ಷಕ್ಕೊಂದು ಸುತ್ತು, ನಕ್ಷತ್ರಗಳ ನಡುವೆ ಒಂದೇ ದಾರಿಯಲ್ಲಿ ಸಾಗುತ್ತಾನೆ. ಆ ದಾರಿಗೆ ಕ್ರಾಂತಿವೃತ್ತ ಅನ್ನುತ್ತಾರೆ. ಚಂದ್ರ, ಗ್ರಹಗಳು ಓಡಾಡುವುದೂ ಅದರ ಆಚೀಚೆಯೇ. 360 ಡಿಗ್ರಿಯ ಆ ದಾರಿಯನ್ನು 12 ಪಾಲು ಮಾಡಿದರೆ 30 ಡಿಗ್ರಿಯ ರಾಶಿಗಳು. 27 ಪಾಲು ಮಾಡಿದರೆ 13 ಡಿಗ್ರಿ 20 ಕಲೆಯ (ಒಂದು ಡಿಗ್ರಿಗೆ 60 ಕಲೆ) ನಕ್ಷತ್ರಗಳು. 27 ಯಾಕೆ? ಚಂದ್ರ ಒಂದು ಸುತ್ತು ಬರಲು ಸುಮಾರು 27.3 ದಿನ ಬೇಕು. ಹೆಚ್ಚುಕಮ್ಮಿ ದಿನಕ್ಕೊಂದು ನಕ್ಷತ್ರ.

ಇದನ್ನು ತೋರಿಸುವುದು ತುಂಬಾ ಸುಲಭ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿಯಲು ಹೇಳಿ. ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಈಗ ಸಂಜೆ ಪೂರ್ವಕ್ಕೆ ನೋಡಿದರೆ ಕೃತ್ತಿಕೆಯ ಪುಟ್ಟ ಗೊಂಚಲು, ಅದರ ಕೆಳಗೆ ಕೆಂಪಗಿನ ರೋಹಿಣಿ ಕಾಣುತ್ತವೆ. ಒಂದು ರಾತ್ರಿ ಚಂದ್ರ ಕೃತ್ತಿಕೆಯ ಪಕ್ಕದಲ್ಲಿದ್ದ. ಮಾರನೇ ದಿನ ಅದೇ ಹೊತ್ತಿಗೆ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿಯೇ ಪೂರ್ವಕ್ಕೆ ಸರಿದು ರೋಹಿಣಿಯ ಹತ್ತಿರ ಬಂದಿದ್ದ. ಮಗ ಒಳಗೆ ಓಡಿ ಅಜ್ಜಿಯ ಒಂಟಿಕೊಪ್ಪಲ್ ಪಂಚಾಂಗ ತಂದ. ಅಕ್ಷರ ಕೂಡಿಸಿ ಕೂಡಿಸಿ ಆ ದಿನದ ಸಾಲು ಓದಿದ: "ರೋ-ಹಿ-ಣಿ." ಭಾನುವಾರದ ಕನ್ನಡ ಕ್ಲಾಸಿನಲ್ಲಿ ಅವನು ಇಷ್ಟು ಆಸೆಯಿಂದ ಓದಿದ್ದನ್ನು ನಾನು ನೋಡಿಲ್ಲ. ಜನ್ಮನಕ್ಷತ್ರ ಅಂದರೆ ಇದೇ, ಹುಟ್ಟಿದ ಹೊತ್ತಿಗೆ ಚಂದ್ರ ಇದ್ದ ಜಾಗ. ನಮ್ಮಲ್ಲಿ ರಾಶಿ ಹೇಳುವುದೂ ಚಂದ್ರನಿಂದಲೇ.

ತಿಥಿ ಅಂದರೆ ಚಂದ್ರ ಸೂರ್ಯನಿಂದ ಎಷ್ಟು ದೂರ ಹೋಗಿದ್ದಾನೆ ಅನ್ನುವ ಲೆಕ್ಕ. 12 ಡಿಗ್ರಿಗೆ ಒಂದು ತಿಥಿ. ದಶಮಿ ಮುಗಿಯುವಾಗ 120 ಡಿಗ್ರಿ. ಅದಕ್ಕೇ ವಿಜಯದಶಮಿ ರಾತ್ರಿ ಮೈಸೂರಿನ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನಡೆಯುವ ಹೊತ್ತಿಗೆ ಚಂದ್ರ ಪ್ರತಿ ವರ್ಷವೂ ದಕ್ಷಿಣದಲ್ಲಿ ಎತ್ತರಕ್ಕೆ ಬಂದಿರುತ್ತಾನೆ. ಮುಂದಿನ ಸಲ ಟಿವಿಯಲ್ಲಿ ದಸರಾ ನೋಡುವವರು ನಿಮ್ಮೂರಲ್ಲಿ ಕತ್ತಲಾದ ಮೇಲೆ ಹೊರಗೆ ಹೋಗಿ ಅವನನ್ನು ಹುಡುಕಿ. ಮೆಲ್ಬರ್ನ್, ಸಿಡ್ನಿಯವರಿಗೆ ಉತ್ತರದ ಕಡೆ ಕಾಣುತ್ತಾನೆ, ಬೆಳಗಿದ ಭಾಗವೂ ಎಡಕ್ಕಿರುತ್ತದೆ.

ಇನ್ನು ಏರೀಸ್, ಅಂದರೆ ಮೇಷ. ಏಪ್ರಿಲ್ 5ರ ಸೂರ್ಯ ನಮ್ಮ ಲೆಕ್ಕದಲ್ಲಿ ಮೇಷದಲ್ಲೇ ಇಲ್ಲ, ಮೀನದಲ್ಲಿದ್ದಾನೆ. ಪಶ್ಚಿಮದವರು ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮ ಆಗುವ ಬಿಂದುವಿನಿಂದ ಎಣಿಸುತ್ತಾರೆ, ಅದು ಸಾಯನ. ನಾವು ನಕ್ಷತ್ರಗಳನ್ನು ಹಿಡಿದು ಎಣಿಸುತ್ತೇವೆ, ಅದು ನಿರಯನ. ಭೂಮಿಯ ಅಕ್ಷ ನಿಧಾನಕ್ಕೆ ಬುಗುರಿಯ ಹಾಗೆ ವಾಲಾಡುತ್ತದೆ. ಅದರಿಂದ ಆ ಬಿಂದು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಹಿಂದೆ ಸರಿಯುತ್ತದೆ. ಎರಡರ ನಡುವಿನ ಅಂತರಕ್ಕೆ ಅಯನಾಂಶ ಅನ್ನುತ್ತಾರೆ. ಈಗ ಅದು 24 ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ವಿಜ್ಞಾನಿ ಮೇಘನಾದ ಸಹಾ ಅವರ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಒಪ್ಪಿದ್ದು ಚಿತ್ತಾ ನಕ್ಷತ್ರವನ್ನು ಹಿಡಿದು ಮಾಡಿದ ಲೆಕ್ಕವನ್ನು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ಮಂಡ್ಯದ ಹಳ್ಳಿಗಳಲ್ಲಿ ದನಗಳಿಗೆ ಕಿಚ್ಚು ಹಾಯಿಸುವ ಸಂಕ್ರಾಂತಿ, ಅಂದರೆ ಸೂರ್ಯ ನಮ್ಮ ಲೆಕ್ಕದ ಮಕರಕ್ಕೆ ಕಾಲಿಡುವ ದಿನ, ಬರುವುದು ಜನವರಿ 14-15ಕ್ಕೆ. ನಡುವಿನ ಮೂರು ವಾರಕ್ಕೂ ಇದೇ ಕಾರಣ.

ರಾಹು, ಕೇತು ಗ್ರಹಗಳಲ್ಲ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆ. ಎರಡೂ ದಾರಿ ಕೂಡುವ ಎರಡು ಬಿಂದುಗಳೇ ಇವು. ಅಲ್ಲಿ ಹತ್ತಿರ ಅಮಾವಾಸ್ಯೆ, ಹುಣ್ಣಿಮೆ ಬಂದರೆ ಮಾತ್ರ ಗ್ರಹಣ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಸೂರ್ಯ, ಚಂದ್ರ, ಕೇತು ಮೂವರೂ ಧನು ರಾಶಿಯಲ್ಲಿದ್ದರು.

ನಮಗೆ ಮುಖ್ಯವಾದ ಮಾತು ಇನ್ನೊಂದಿದೆ. ಪಂಚಾಂಗ ಒಂದು ಊರಿಗೆ ಹಾಕಿದ ಲೆಕ್ಕ. ತಿಥಿ ಮುಗಿಯುವ ಕ್ಷಣ ಇಡೀ ಜಗತ್ತಿಗೆ ಒಂದೇ, ಆದರೆ ದಿನದ ತಿಥಿ ಹೇಳುವುದು ಸೂರ್ಯೋದಯಕ್ಕೆ ಯಾವುದಿದೆ ಅಂತ ನೋಡಿ, ಆ ಸೂರ್ಯೋದಯ ಊರಿಗೊಂದು. ಬೇಸಿಗೆಯಲ್ಲಿ ಒಂದು ಬುಧವಾರ ಬೆಳಗ್ಗೆ 6:40ಕ್ಕೆ ಮೈಸೂರಿನಲ್ಲಿ ಏಕಾದಶಿ ಮುಗಿಯುತ್ತದೆ ಅಂದುಕೊಳ್ಳಿ. ಆಗ ನ್ಯೂಜೆರ್ಸಿಯಲ್ಲಿ ಮಂಗಳವಾರ ರಾತ್ರಿ 9:10. ಮೈಸೂರಿನಲ್ಲಿ ಬುಧವಾರದ ಉದಯಕ್ಕೆ ಏಕಾದಶಿ ಇತ್ತು, ಅಲ್ಲಿ ಬುಧವಾರದ ಉದಯಕ್ಕೆ ದ್ವಾದಶಿ ಬಂದಾಗಿದೆ. ರಾಹುಕಾಲವೂ ಹಾಗೆಯೇ. ಹಗಲನ್ನು 8 ಪಾಲು ಮಾಡಿ ಹೇಳುವುದು ಅದು. ಸೋಮವಾರ ಏಳೂವರೆಯಿಂದ ಒಂಬತ್ತು ಅನ್ನುವುದು ಆರಕ್ಕೆ ಉದಯ, ಆರಕ್ಕೆ ಅಸ್ತ ಆಗುವ ದಿನಕ್ಕೆ. ಜೂನ್‌ನಲ್ಲಿ ಲಂಡನ್ನಿನ ಹಗಲು ಹದಿನಾರೂವರೆ ಗಂಟೆ, ಒಂದೊಂದು ಪಾಲೇ ಎರಡು ಗಂಟೆ ದಾಟುತ್ತದೆ. ದಯವಿಟ್ಟು ನಿಮ್ಮ ಊರಿನ ಉದಯ, ಅಸ್ತ ಹಿಡಿದು ಲೆಕ್ಕ ಹಾಕಿ.

ಮಗುವಿನ ಜಾತಕ ಬರೆಸಲು ಊರಿಗೆ ವಿವರ ಕಳಿಸುವವರೂ ಗಮನಿಸಿ. ಲಗ್ನ ಅಂದರೆ ಹುಟ್ಟಿದ ಜಾಗದಲ್ಲಿ ಆಗ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ. ಅದು ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಒಂದು ಗಂಟೆ ತಪ್ಪಿದರೂ ಪಕ್ಕದ ರಾಶಿಗೆ ಹೋಗಬಹುದು. ಹಾಗಾಗಿ ಸಮಯವನ್ನು ಭಾರತದ ಸಮಯಕ್ಕೆ ತಿರುಗಿಸಬೇಡಿ. ಜನನ ಪತ್ರದಲ್ಲಿರುವ ಸ್ಥಳೀಯ ಸಮಯ, ಊರಿನ ಹೆಸರು, ಆಗ ಗಡಿಯಾರ ಒಂದು ಗಂಟೆ ಮುಂದಿಟ್ಟಿದ್ದ ಕಾಲವೋ ಅಲ್ಲವೋ, ಈ ಮೂರನ್ನೂ ಬರೆದು ಕಳಿಸಿ.