ಸಹಾಯ ಬೇಕು: ಮಗನ ಹೆಣಿಗೆಗೆ ಹತ್ತಿ ದಾರ, ತಾರಸಿ ತೋಟಕ್ಕೆ ನೆರಳು

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ಜಯನಗರದಲ್ಲಿದ್ದೇವೆ. ನನ್ನ ಮಗನಿಗೆ 15 ವರ್ಷ, ಅವನಿಗೆ ಆಟಿಸಂ ಇದೆ. ಶಾಲೆಗೆ ರಜೆ ಬಂದ ಮೇಲೆ ಅವನ ದಿನವನ್ನು ಹಿಡಿದಿಟ್ಟಿರುವುದು ಎರಡೇ ಕೆಲಸಗಳು: ಬೆಳಿಗ್ಗೆ 6 ಗಂಟೆಗೆ ತಾರಸಿಯ ಗಿಡಗಳಿಗೆ ನೀರು ಹಾಕುವುದು, ಮಧ್ಯಾಹ್ನ ಅಜ್ಜಿಯ ಪಕ್ಕದಲ್ಲಿ ಕುಳಿತು ಹೆಣೆಯುವುದು.

ಕಳೆದ ವಾರ ದಾರ ಮುಗಿದಾಗ ಅದೇ ಕಂಪನಿಯ, ಅದೇ ಹಸಿರು ಬಣ್ಣದ ಉಂಡೆಯನ್ನು ತಂದುಕೊಟ್ಟೆ. ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ದಾರಕ್ಕೆ ಕೊಡುವ ಗುರುತಿನ ಸಂಖ್ಯೆ) ಬೇರೆಯಾದರೆ ಬಣ್ಣದಲ್ಲಿ ಎಳ್ಳಷ್ಟು ವ್ಯತ್ಯಾಸ ಬರುತ್ತದೆಂಬುದು ನನಗೆ ಹೊಳೆದಿರಲಿಲ್ಲ, ಆದರೆ ಅವನು ಎರಡು ಸಾಲು ಹೆಣೆದು ಬಿಚ್ಚಿ, ಕಡ್ಡಿಗಳನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದವನು ಇಂದಿನವರೆಗೂ ಅದನ್ನು ತೆರೆದಿಲ್ಲ. ಅವನ ಕಣ್ಣು ಸರಿಯಾಗಿಯೇ ಹೇಳಿತ್ತು. ಈ ಸೆಕೆಗೆ ಅಕ್ರಿಲಿಕ್ ದಾರ ಬೆವರಿದ ಬೆರಳಿಗೆ ಅಂಟುವುದೂ ಅವನಿಗೆ ಹಿಂಸೆ. ಆದ್ದರಿಂದ, ಒಂದೇ ಲಾಟಿನ ಹತ್ತು ಉಂಡೆ ಹತ್ತಿ ದಾರವನ್ನು ಒಟ್ಟಿಗೆ ಕೊಡುವ ಅಂಗಡಿ ಚಿಕ್ಕಪೇಟೆಯಲ್ಲಾಗಲಿ ಬೇರೆಡೆಯಾಗಲಿ ಇದ್ದರೆ ದಯವಿಟ್ಟು ತಿಳಿಸಿ.

ತೋಟದ್ದು ಇನ್ನೊಂದು ಚಿಂತೆ. ಪ್ರತಿ ಕುಂಡಕ್ಕೂ ನೀಲಿ ಮಗ್‌ನಲ್ಲಿ ಎಣಿಸಿ ಎರಡು ಸಲ ನೀರು ಹಾಕುತ್ತಾನೆ. ಬದನೆಯ ಎಲೆಗಳು ಬಾಡಿ ಜೋತುಬಿದ್ದರೂ ಮೂರನೆಯದಕ್ಕೆ ಒಪ್ಪುವುದಿಲ್ಲ. ಅವನ ಲೆಕ್ಕವನ್ನು ಕೆಡಿಸಲು ನನಗೂ ಇಷ್ಟವಿಲ್ಲ. ಅರ್ಧದಷ್ಟು ಬಿಸಿಲು ತಡೆಯುವ ಶೇಕಡ 50ರ ನೆರಳು ಬಲೆ ಕಟ್ಟಿ, ಬುಡಕ್ಕೆ ತರಗೆಲೆ ಹೊದಿಸಿದರೆ ಎರಡೇ ಮಗ್ ನೀರು ಸಾಕಾದೀತೇ? ಬಲೆ ಕಟ್ಟುವ ಬದಲಾವಣೆಗೆ ಮಗುವನ್ನು ಚಿತ್ರಗಳ ಮೂಲಕ ಮೊದಲೇ ಸಿದ್ಧಪಡಿಸಿದ ತಂದೆತಾಯಂದಿರು ಇದ್ದರೆ, ಎಷ್ಟು ದಿನ ಮುಂಚಿತವಾಗಿ ಹೇಳಿದಿರಿ ಎಂಬುದನ್ನು ಬರೆಯಬೇಕೆಂದು ಕೋರುತ್ತೇನೆ.