ವೈರ್‌ಲೆಸ್ ಆಂಡ್ರಾಯ್ಡ್ ಆಟೋ ಡಾಂಗಲ್: ಕನೆಕ್ಟ್ ಆಗಿ ನಡುವೆ ಕಟ್ ಆಗುತ್ತೆ, ಯಾಕೆ?

ಬಳ್ಳಾರಿ_ಹ್ಯಾಚ್‌ಬ್ಯಾಕ್

ಕಾರಲ್ಲಿ ಕಂಪನಿ ಸಿಸ್ಟಮ್ಮೇ ಇದೆ. ಫೋನಿನ ಮ್ಯಾಪ್, ಹಾಡು, ಕಾಲ್ ಕಾರಿನ ಸ್ಕ್ರೀನಿಗೆ ತರೋ ಆಂಡ್ರಾಯ್ಡ್ ಆಟೋ, ಐಫೋನಿಗೆ ಅದೇ ಕೆಲಸ ಮಾಡೋ ಕಾರ್‌ಪ್ಲೇ ಎರಡೂ ಬರೋದು ಕೇಬಲ್‌ನಲ್ಲಿ ಮಾತ್ರ. ಅದಕ್ಕೆ ಯುಎಸ್‌ಬಿಗೆ ಚುಚ್ಚೋ ವೈರ್‌ಲೆಸ್ ಡಾಂಗಲ್ ಹಾಕಿದೀನಿ. ಫೋನ್ ಆಂಡ್ರಾಯ್ಡ್ 13. ಊರೊಳಗೆ ಚೆನ್ನಾಗಿರುತ್ತೆ, ಹೊಸಪೇಟೆ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ಮ್ಯಾಪ್ ಹೋಗಿ ಕಾರಿನ ಹೋಮ್ ಸ್ಕ್ರೀನ್ ಬರುತ್ತೆ. ಕಾಲ್ ಬಂದರೆ ಧ್ವನಿ ಫೋನಲ್ಲೇ ಕೇಳುತ್ತೆ. ಮನೆಯವರ ಐಫೋನ್ ಜೋಡಿಸಿದ ಮೇಲಂತೂ ನನ್ನ ಫೋನ್ ತಾನಾಗಿ ಕನೆಕ್ಟ್ ಆಗ್ತಿಲ್ಲ. ಫೋನ್ ಇಡೋದು ಡ್ಯಾಶ್‌ಬೋರ್ಡ್ ಮೇಲಿನ ವೈರ್‌ಲೆಸ್ ಚಾರ್ಜಿಂಗ್ ಸ್ಟ್ಯಾಂಡ್‌ನಲ್ಲಿ. ಡಾಂಗಲ್ ಬದಲಾಯಿಸಬೇಕಾ?

ರಾಯಚೂರು_ಕಾರ್‌ಆಡಿಯೋ

ಈಗ್ಲೇ ಬದಲಾಯಿಸಬ್ಯಾಡ್ರಿ. ಬ್ಲೂಟೂತ್ ಮಾಡೋದು ಬರೀ ಪರಿಚಯ. ಡಾಂಗಲ್‌ನ ವೈಫೈ ಹೆಸರು, ಪಾಸ್‌ವರ್ಡ್ ಫೋನಿಗೆ ಮುಟ್ಟಿಸ್ತದ. ಆಮ್ಯಾಲೆ ಮ್ಯಾಪು, ಹಾಡು, ಸ್ಕ್ರೀನು ಎಲ್ಲಾ ಓಡೋದು 5 ಗಿಗಾಹರ್ಟ್ಸ್ ವೈಫೈ ಮ್ಯಾಲೆ. ಹಿಂಗಾಗಿ ಕನೆಕ್ಟೇ ಆಗಲಿಲ್ಲಂದ್ರ ಮೊದಲು ಬ್ಲೂಟೂತ್ ನೋಡಬೇಕು; ಕನೆಕ್ಟ್ ಆಗಿ ನಡುವ ಬಿಟ್ರ ವೈಫೈ, ಕರೆಂಟ್, ಬಿಸಿ ನೋಡಬೇಕು. ಆಂಡ್ರಾಯ್ಡ್ 11 ಮತ್ತು ಅದರ ಮ್ಯಾಲಿಂದು, 5 ಗಿಗಾಹರ್ಟ್ಸ್ ಇರೋ ಫೋನ್ ಸಾಕು. ನಿಮ್ಮ ಫೋನಿಂದು ಆ ತೊಂದ್ರಿ ಇಲ್ಲ.

ಡಾಂಗಲ್ ತೆಗೆದು ಅದೇ ಪೋರ್ಟಿಗೆ ಒಂದು ಮೀಟರ್ ಒಳಗಿನ ಒಳ್ಳೆ ಡೇಟಾ ಕೇಬಲ್ ಹಾಕಿ ಅದೇ ರಸ್ತೆಗೆ ಓಡಿಸಿ ನೋಡ್ರಿ. ಬರೀ ಚಾರ್ಜಿಂಗ್ ಕೇಬಲ್ ನಡೆಯಂಗಿಲ್ಲ, ಅದರಾಗ ಡೇಟಾ ವೈರೇ ಇರಂಗಿಲ್ಲ. ಕೇಬಲ್‌ನಾಗೂ ಬಿಟ್ರ ತಪ್ಪು ಪೋರ್ಟಿಂದು ಇಲ್ಲಾ ಫೋನಿಂದು, ಡಾಂಗಲ್‌ದಲ್ಲ. ಕೇಬಲ್‌ನಾಗ ಸರಿ ಇದ್ರ, ಕಟ್ ಆಗೋ ಹೊತ್ತಿಗೆ ಡಾಂಗಲ್ ಲೈಟ್ ಗಮನಿಸ್ರಿ. ಲೈಟ್ ಪೂರಾ ಆರಿ, ಕಾರ್ ಸ್ಟಾರ್ಟ್ ಮಾಡಿದಾಗಿನಂಗ ಮತ್ತೆ ಮೊದಲಿಂದ ಮಿಣುಕಿದ್ರ ಅದಕ್ಕ ಕರೆಂಟ್ ಸಾಲ್ತಿಲ್ಲ ಅಂತ ಅರ್ಥ. ಸಾದಾ ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್. ಅದಕ್ಕಿಂತ ಹೆಚ್ಚು ಎಳೆಯೋ ಡಾಂಗಲ್ ಆದ್ರ ವೋಲ್ಟೇಜ್ ಕುಸಿದು ರೀಸ್ಟಾರ್ಟ್ ಆಗ್ತದ. ನಡುವ ಹಬ್, ಎಕ್ಸ್‌ಟೆನ್ಶನ್ ಇದ್ರ ತೆಗೀರಿ. ಎರಡು ಕಾಲಿನ ವೈ ಕೇಬಲ್ ಸಿಗ್ತದ. ಒಂದು ಕಾಲು ಕಾರಿನ ಡೇಟಾ ಪೋರ್ಟಿಗೆ, ಇನ್ನೊಂದು 12 ವೋಲ್ಟ್ ಚಾರ್ಜರ್‌ಗೆ.

ಲೈಟ್ ಆರದನ ಕಟ್ ಆದ್ರ ಫೋನ್ ಬಿಸಿ ಆಗೇದೇನು ಮುಟ್ಟಿ ನೋಡ್ರಿ. ನನಗ ಅನುಮಾನ ಇರೋದು ನಿಮ್ಮ ಸ್ಟ್ಯಾಂಡ್ ಮ್ಯಾಲೇ. ಜಿಪಿಎಸ್, ಮೊಬೈಲ್ ಡೇಟಾ, 5 ಗಿಗಾಹರ್ಟ್ಸ್ ವೈಫೈ ಒಟ್ಟಿಗೆ ಓಡ್ತಾವ, ವೈರ್‌ಲೆಸ್ ಚಾರ್ಜಿಂಗ್ ತನ್ನ ಬಿಸಿ ಬ್ಯಾರೆ ಕೂಡಸ್ತದ, ಮ್ಯಾಲೆ ಗಾಜಿನ ಬಿಸಿಲು. ಐಫೋನ್ ಬಳಸಾಕ ಆಪಲ್ ಹೇಳಿರೋ ಸುತ್ತಲಿನ ತಾಪಮಾನ 0ರಿಂದ 35 ಡಿಗ್ರಿ. ನಮ್ಮ ಕಡೆ ಏಪ್ರಿಲ್, ಮೇದಾಗ ನೆರಳಿನಾಗೇ 40 ದಾಟ್ತದ. ಬಿಸಿ ಏರಿದ್ರ ಫೋನ್ ಚಾರ್ಜಿಂಗ್ ನಿಲ್ಲಿಸ್ತದ, ವೇಗ ತಗ್ಗಿಸ್ತದ, ಕನೆಕ್ಷನ್ನೂ ಬಿಡಬಹುದು. ವೈರ್‌ಲೆಸ್ ಆದ ಮ್ಯಾಲೆ ಫೋನ್ ಕಣ್ಮುಂದೆ ಇರೋದೇ ಬ್ಯಾಡ. ಎಸಿ ಗಾಳಿ ತಾಗೋ ಕೆಳಗಿನ ಟ್ರೇದಾಗ ಇಡ್ರಿ, ಚಾರ್ಜ್ ಬೇಕಂದ್ರ ಕೇಬಲ್ ಹಾಕ್ರಿ.

ಕೊಪ್ಪಳ_ಡ್ರೈವ್

ಕಾಲ್ ವಿಷಯಕ್ಕ ಹೇಳ್ತೀನ್ರಿ. ಆಂಡ್ರಾಯ್ಡ್ ಆಟೋದಾಗ ಕಾಲ್ ಧ್ವನಿ ವೈಫೈ ಮ್ಯಾಲ ಹೋಗಂಗಿಲ್ಲ, ಕಾರಿನ ಬ್ಲೂಟೂತ್ ಮ್ಯಾಲ ಹೋಗತೈತಿ. ನೀವು ಡಾಂಗಲ್‌ಗಷ್ಟೇ ಪೇರ್ ಮಾಡಿರಬೇಕು. ಎಲ್ಲಾ ಅಳಿಸಿ ಹೊಸದಾಗಿ ಮಾಡ್ರಿ: ಸೆಟ್ಟಿಂಗ್ಸ್, ಕನೆಕ್ಟೆಡ್ ಡಿವೈಸಸ್, ಕನೆಕ್ಷನ್ ಪ್ರಿಫರೆನ್ಸಸ್, ಆಂಡ್ರಾಯ್ಡ್ ಆಟೋ, ಪ್ರೀವಿಯಸ್ಲಿ ಕನೆಕ್ಟೆಡ್ ಕಾರ್ಸ್, ಅಲ್ಲಿ ಮೂರು ಚುಕ್ಕಿ ಒತ್ತಿ ಫರ್ಗೆಟ್ ಆಲ್ ಕಾರ್ಸ್. ಫೋನಿನ ಬ್ಲೂಟೂತ್ ಪಟ್ಟಿಯಿಂದ ಡಾಂಗಲ್ಲೂ ಕಾರೂ ತೆಗೀರಿ, ಕಾರಿನ ಪಟ್ಟಿಯಿಂದ ಫೋನ್ ತೆಗೀರಿ, ಫೋನ್ ರೀಸ್ಟಾರ್ಟ್ ಮಾಡ್ರಿ. ಮೊದಲು ಡಾಂಗಲ್ ಪೇರ್ ಮಾಡಿ, ಸ್ಕ್ರೀನ್ ಬಂದ ಮ್ಯಾಲ ಕಾರಿನ ಬ್ಲೂಟೂತ್ ಪೇರ್ ಮಾಡಿ, ಅದರಾಗ ಕಾಲ್ಸ್ ಆನ್ ಇಡ್ರಿ.

ಐಫೋನ್‌ಗೆ ಲೆಕ್ಕ ಬ್ಯಾರೆ. ವೈರ್‌ಲೆಸ್ ಕಾರ್‌ಪ್ಲೇ ಶುರುವಾದ ಮ್ಯಾಲ ಬ್ಲೂಟೂತ್ ತಾನಾಗೇ ಬಿಡತೈತಿ, ಕಾಲೂ ವೈಫೈ ಮ್ಯಾಲೇ ಬರತೈತಿ. ಮತ್ತ ಬ್ಲೂಟೂತ್ ಜೋಡಿಸಾಕ ಹೋಗಬ್ಯಾಡ್ರಿ. ಸಾಮಾನ್ಯವಾಗಿ ಡಾಂಗಲ್ ಕಡೀಕ ಜೋಡಿಸಿದ ಫೋನನ್ನೇ ಮೊದಲು ಹುಡುಕತೈತಿ. ಇಬ್ಬರೂ ಕಾರಿನಾಗ ಇದ್ರ ಬ್ಯಾಡಾದ ಫೋನಿನ ಬ್ಲೂಟೂತ್ ಆಫ್ ಮಾಡಿ ಆಮ್ಯಾಲ ಕಾರ್ ಸ್ಟಾರ್ಟ್ ಮಾಡ್ರಿ.

ಇನ್ನೊಂದು ಬಿಟ್ಟಿದ್ದೆ: ಫೋನಿನಾಗ ವಿಪಿಎನ್, ಹಾಟ್‌ಸ್ಪಾಟ್ ಆಫ್ ಇರ್ಲಿ. ಹಿಂದಿನ ಸೀಟಿನವರಿಗೆ ಹಾಟ್‌ಸ್ಪಾಟ್ ಕೊಟ್ಟ ಕೂಡ್ಲೇ ಎಷ್ಟೋ ಫೋನು ಕಾರಿನ ವೈಫೈ ಬಿಡ್ತಾವ. "ಈ ವೈಫೈಗೆ ಇಂಟರ್ನೆಟ್ ಇಲ್ಲ" ಅಂತ ಬಂದ್ರ ಹಂಗೇ ಇರ್ಲಿ ಅಂತ ಒತ್ರಿ. ಮ್ಯಾಪಿಗೆ ಇಂಟರ್ನೆಟ್ ಸಿಗೋದು ಸಿಮ್‌ನಿಂದ.

ಸಿಂಧನೂರು_ಸೆಡಾನ್

ನಮ್ಮದು ಹಳೇ ಸೆಟ್, ಬ್ಲೂಟೂತ್, ಯುಎಸ್‌ಬಿ ಹಾಡು ಅಷ್ಟೇ. ಇದಕ್ಕೂ ಈ ಡಾಂಗಲ್ ನಡೀತದೇನ್ರಿ?

ರಾಯಚೂರು_ಕಾರ್‌ಆಡಿಯೋ

ನಡೆಯಂಗಿಲ್ರಿ. ಸೆಟ್ಟಿನಾಗ ಕೇಬಲ್ ಆಂಡ್ರಾಯ್ಡ್ ಆಟೋ ಇದ್ರ ಮಾತ್ರ ಡಾಂಗಲ್ ಅದನ್ನ ವೈರ್‌ಲೆಸ್ ಮಾಡ್ತದ. ನಿಮಗ ಸ್ಕ್ರೀನ್ ಸೆಟ್ಟೇ ಬೇಕು. ತಗೊಳ್ಳುವಾಗ ವೈಫೈ 5 ಗಿಗಾಹರ್ಟ್ಸ್ ಅದ ಏನು ಕೇಳ್ರಿ, ಬರೀ 2.4 ಇರೋದು ಬ್ಯಾಡ. ನಿಮ್ಮ ಕಾರಿನ ಮಾಡೆಲ್‌ಗೆ ಬರೋ ಕಪ್ಲರ್ (ಕಾರಿನ ವೈರಿಗೆ ಸೆಟ್ ಜೋಡಿಸೋ ಪ್ಲಗ್) ಕೂಡ ತಗೊಳ್ರಿ, ಕಂಪನಿ ವೈರ್ ಕತ್ತರಿಸಾಕ ಬಿಡಬ್ಯಾಡ್ರಿ.